ಕುತ್ತಿಗೆ, ದವಡೆ ಹಿಡಿದು ಬರುವ ಕಿವಿ ಮೊರೆತ: ಗುರುತಿಸುವುದು ಹೇಗೆ, ಸಡಿಲಿಸುವುದು ಹೇಗೆ

ದೀಪ ಆರಿಸಿ ಮಲಗಿದ ಮೇಲೆ ಕಿವಿಯೊಳಗೆ ಜೀರುಂಡೆ ಕೂತ ಹಾಗೆ ಒಂದೇ ಸಮನೆ ಜೀ ಅನ್ನುವ ಸದ್ದು. ಪಕ್ಕದಲ್ಲಿ ಮಲಗಿದವರಿಗೆ ಏನೂ ಕೇಳಿಸುವುದಿಲ್ಲ. ನನ್ನನ್ನು ಇದು ವರ್ಷಗಟ್ಟಲೆ ಕಾಡಿತು. ಕಿವಿ ಪರೀಕ್ಷೆ ಮಾಡಿಸಿದರೆ ಎಲ್ಲಾ ಸರಿ ಇದೆ ಅನ್ನುತ್ತಿದ್ದರು. ಒಂದು ರಾತ್ರಿ ಮಲಗಿದ್ದಲ್ಲೇ ಕೆಳದವಡೆಯನ್ನು ಸುಮ್ನೆ ಮುಂದಕ್ಕೆ ಚಾಚಿದೆ. ಸದ್ದು ಸರ್ರನೆ ಏರಿತು. ದವಡೆ ಹಿಂದಕ್ಕೆ ಬಿಟ್ಟೆ, ಇಳಿಯಿತು. ಮತ್ತೆ ಚಾಚಿದೆ, ಮತ್ತೆ ಏರಿತು. ರೇಡಿಯೋದ ವಾಲ್ಯೂಮ್ ತಿರುಗಿಸಿದ ಹಾಗೆ. ಅಲ್ಲಿಯವರೆಗೂ ನಾನು ಕಿವಿಯನ್ನು ಮಾತ್ರ ದೂರುತ್ತಿದ್ದೆ. ದವಡೆ, ಕುತ್ತಿಗೆ ಕಡೆ ನೋಡಿರಲೇ ಇಲ್ಲ.

ನಿಮ್ಮದೂ ಇಂಥದ್ದೇ ಆಗಿದ್ದರೆ ಮುಂದಿನ ಹೆಜ್ಜೆಗಳು ಉಪಯೋಗಕ್ಕೆ ಬರುತ್ತವೆ. ಎಲ್ಲರ ಕಿವಿ ಮೊರೆತವೂ ಇದೇ ಬಗೆಯದಲ್ಲ ಅನ್ನುವುದು ಮಾತ್ರ ನೆನಪಿರಲಿ. ಅದಕ್ಕೇ ಮೊದಲ ಮೂರು ಹೆಜ್ಜೆಗಳಲ್ಲಿ ವ್ಯಾಯಾಮವೇ ಇಲ್ಲ.

ಸ್ನಾಯುವಿಗೂ ಸದ್ದಿಗೂ ಏನು ನಂಟು?

ಕಿವಿಯಿಂದ ಹೊರಟ ನರ ಮಿದುಳಿನ ಕಾಂಡವನ್ನು ಮುಟ್ಟುವ ಜಾಗದಲ್ಲಿ ಡಾರ್ಸಲ್ ಕಾಕ್ಲಿಯರ್ ನ್ಯೂಕ್ಲಿಯಸ್ ಎಂಬ ಒಂದು ಕೇಂದ್ರ ಇದೆ. ಶಬ್ದದ ಸುದ್ದಿ ಮೊದಲು ತಲುಪುವ ಕಡೆಗಳಲ್ಲಿ ಇದೂ ಒಂದು. ಆದರೆ ಇಲ್ಲಿಗೆ ಬರುವುದು ಕಿವಿಯ ಸುದ್ದಿ ಒಂದೇ ಅಲ್ಲ. ಮುಖ ಮತ್ತು ದವಡೆಯ ಟ್ರೈಜೆಮಿನಲ್ ನರ, ಕುತ್ತಿಗೆಯ ಮೇಲಿನ ಬೆನ್ನುಮೂಳೆಗಳ ಹತ್ತಿರದ ನರಗಳು, ಇವುಗಳ ಸುದ್ದಿಯೂ ಅಲ್ಲಿಗೇ ಬಂದು ಸೇರುತ್ತದೆ. ಕುತ್ತಿಗೆ, ದವಡೆಯ ಸ್ನಾಯುಗಳು ದಿನಗಟ್ಟಲೆ ಬಿಗಿದುಕೊಂಡಿದ್ದರೆ ಆ ಕಡೆಯಿಂದ ಬರುವ ಸುದ್ದಿ ಬದಲಾಗುತ್ತದೆ. ಆಗ ಶಬ್ದ ಕೇಳಿಸಿಕೊಳ್ಳುವ ನರಕೋಶಗಳು ಹೊರಗೆ ಸದ್ದಿಲ್ಲದಿದ್ದರೂ ಕೆರಳುತ್ತವೆ. ಕಿವಿ ಮೊರೆತಕ್ಕೆ ಇಂಗ್ಲಿಷಿನಲ್ಲಿ ಟಿನ್ನಿಟಸ್ ಎಂದು ಹೆಸರು, ಈ ಬಗೆಗೆ ಸೊಮ್ಯಾಟೋಸೆನ್ಸರಿ ಟಿನ್ನಿಟಸ್ ಎನ್ನುತ್ತಾರೆ.

ಅಂದರೆ ಆ ಸದ್ದು ನಿಮ್ಮ ಕಲ್ಪನೆಯಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ ಯಾರಾದರೂ ತಳ್ಳಿಹಾಕಿದ್ದರೆ ಅದನ್ನು ಬಿಟ್ಟುಬಿಡಿ.

ಹೆಜ್ಜೆ 1: ಮೊದಲು ಇಎನ್‌ಟಿ ಡಾಕ್ಟರ್

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದ್ದರೂ ಸದ್ದು ಬರುತ್ತದೆ. ಕೇಳುವ ಶಕ್ತಿ ಕಡಿಮೆಯಾಗಿದ್ದರೂ ಬರುತ್ತದೆ. ಕೇಳುವ ಶಕ್ತಿಯನ್ನು ಅಳೆಯುವ ಆಡಿಯೋಗ್ರಾಂ ಮಾಡಿಸಿ, ಅದರ ಕಾಗದವನ್ನು ಇಟ್ಟುಕೊಳ್ಳಿ. ಮುಂದೆ ಫಿಸಿಯೋಥೆರಪಿಸ್ಟ್‌ಗೂ ಅದು ಬೇಕಾಗುತ್ತದೆ. ಕಿವಿ ಮಂದವಾಗಿದೆ ಎಂದು ಗೊತ್ತಾದರೆ ಹಿಯರಿಂಗ್ ಏಡ್ ಬಗ್ಗೆ ಮೊದಲು ಮಾತಾಡಿ. ಎಷ್ಟೋ ಜನರಿಗೆ ಅದರಿಂದಲೇ ಸದ್ದು ಹಿಂದೆ ಸರಿಯುತ್ತದೆ.

ಕೆಲವು ಲಕ್ಷಣಗಳಿದ್ದರೆ ವ್ಯಾಯಾಮದ ಮಾತೇ ಬೇಡ, ಬೇಗ ಡಾಕ್ಟರ್ ಹತ್ತಿರ ಹೋಗಿ:

- ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋಗುವುದು. ಇದು ತುರ್ತು ವಿಷಯ. ನಾಳೆ ನೋಡೋಣ ಅನ್ನಬೇಡಿ. ಔಷಧಿ ಶುರುವಾಗುವುದು ತಡವಾದಷ್ಟೂ ಕೇಳುವ ಶಕ್ತಿ ವಾಪಸ್ ಬರುವ ಸಾಧ್ಯತೆ ಕಡಿಮೆ.
- ಸದ್ದು ನಾಡಿ ಬಡಿತದ ಜೊತೆಗೇ ಡಬ್ ಡಬ್ ಅನ್ನುವುದು.
- ಒಂದೇ ಕಿವಿಯಲ್ಲಿ ಸದ್ದು, ಅದೇ ಕಿವಿ ಮಂದವಾಗುವುದು.
- ತಲೆ ಗಿರ್ರನೆ ತಿರುಗುವುದು, ಮುಖದ ಒಂದು ಕಡೆ ಸೋಲುವುದು, ಮಾತು ತೊದಲುವುದು, ಎರಡೆರಡು ಕಾಣುವುದು.
- ತಲೆಗೋ ಕುತ್ತಿಗೆಗೋ ಹೊಸದಾಗಿ ಪೆಟ್ಟು ಬಿದ್ದಿರುವುದು.
- ಕೈ ಜೋಮು ಹಿಡಿಯುವುದು, ಕೈಯಲ್ಲಿ ಬಲ ಕಡಿಮೆಯಾಗುವುದು, ನಡೆಯುವಾಗ ತೂರಾಡುವುದು.

ಹೆಜ್ಜೆ 2: ನಿಮ್ಮದು ಸ್ನಾಯುವಿನ ಬಗೆಯದಾ?

ಮೊದಲು ಹಿಂದಿನದನ್ನು ನೆನಪಿಸಿಕೊಳ್ಳಿ. ಸದ್ದು ಮತ್ತು ಕುತ್ತಿಗೆ ನೋವು ಹೆಚ್ಚುಕಡಿಮೆ ಒಟ್ಟಿಗೇ ಶುರುವಾದವಾ? ಕುತ್ತಿಗೆ ಹಿಡಿದ ದಿನ ಸದ್ದೂ ಜಾಸ್ತಿ ಇರುತ್ತದಾ? ತುಂಬಾ ಹೊತ್ತು ಬಗ್ಗಿ ಕೂತು ಕೆಲಸ ಮಾಡಿದ ಮೇಲೆ ಏರುತ್ತದಾ? ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಿ ಅಂತ ಯಾರಾದರೂ ಹೇಳಿದ್ದಾರಾ? ಬೆಳಿಗ್ಗೆ ಎದ್ದಾಗ ದವಡೆ ದಣಿದಂತೆ ಇರುತ್ತದಾ? ಸದ್ದಿನ ಜೋರು, ಶ್ರುತಿ, ಜಾಗ ದಿನದಿಂದ ದಿನಕ್ಕೆ ಬದಲಾಗುತ್ತದಾ? ಹೌದು ಅನ್ನುವ ಉತ್ತರ ಜಾಸ್ತಿ ಇದ್ದಷ್ಟೂ ಸ್ನಾಯುವಿನ ಮೇಲೆ ಅನುಮಾನ ಜಾಸ್ತಿ.

ಈಗ ಪರೀಕ್ಷೆ. ಸದ್ದಿಲ್ಲದ ಕೋಣೆಯಲ್ಲಿ ಕುರ್ಚಿ ಮೇಲೆ ಕೂರಿ. ಒಂದು ನಿಮಿಷ ಸುಮ್ಮನಿದ್ದು ನಿಮ್ಮ ಸದ್ದಿಗೆ 0ಯಿಂದ 10ರ ಒಳಗೆ ಒಂದು ಅಂಕ ಕೊಡಿ. ಆಮೇಲೆ ಒಂದೊಂದನ್ನೇ 5ರಿಂದ 10 ಸೆಕೆಂಡ್ ಮಾಡಿ. ನಡುವೆ ಸದ್ದು ಮೊದಲಿನ ಅಂಕಕ್ಕೆ ಬರುವವರೆಗೆ ಬಿಡುವು ಕೊಡಿ.

ದವಡೆಗೆ: ಹಲ್ಲು ಕಚ್ಚಿ ಹಿಡಿಯಿರಿ. ಬಾಯಿ ಅಗಲವಾಗಿ ತೆರೆಯಿರಿ. ಕೆಳದವಡೆಯನ್ನು ಮುಂದಕ್ಕೆ ಚಾಚಿ. ಎಡಕ್ಕೆ, ಬಲಕ್ಕೆ ಸರಿಸಿ.

ಕುತ್ತಿಗೆಗೆ: ಗದ್ದ ಎದೆಗೆ ತನ್ನಿ, ಮೇಲೆ ನೋಡಿ, ಎಡಕ್ಕೆ ಬಲಕ್ಕೆ ತಿರುಗಿ, ಕಿವಿಯನ್ನು ಹೆಗಲ ಕಡೆ ಬಾಗಿಸಿ. ಆಮೇಲೆ ಅಂಗೈಯನ್ನು ಹಣೆಗೆ ಒತ್ತಿ ತಲೆಯಿಂದ ಎದುರು ತಳ್ಳಿ. ತಲೆ ಅಲುಗಬಾರದು. ಹಾಗೆಯೇ ತಲೆಯ ಹಿಂದೆ, ಎರಡೂ ಪಕ್ಕ.

ಕೊನೆಗೆ ಬೆರಳಿನಿಂದ ಒತ್ತಿ ನೋಡಿ: ಕೆನ್ನೆಯ ಸ್ನಾಯು, ಕಣತಲೆ, ತಲೆಬುರುಡೆ ಮುಗಿದು ಕುತ್ತಿಗೆ ಶುರುವಾಗುವ ಗೆರೆ, ಹೆಗಲ ಮೇಲಿನ ದಪ್ಪ ಸ್ನಾಯು.

ಯಾವುದಕ್ಕೆ ಏರಿತು, ಯಾವುದಕ್ಕೆ ಇಳಿಯಿತು, ಬರೆದಿಡಿ. ಜೋರಾಗಿ ಆಕಳಿಸುವಾಗ ಗುಡುಗಿನಂಥ ಸದ್ದು ಬಹಳ ಜನರ ಕಿವಿಯಲ್ಲಿ ಕೇಳುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಿಮ್ಮ ಮಾಮೂಲಿ ಸದ್ದೇ ಬದಲಾಗಬೇಕು. ಇನ್ನೊಂದು ಮಾತು. ಕಿವಿ ಮೊರೆತ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಇಂಥ ಪರೀಕ್ಷೆಯಲ್ಲಿ ಸದ್ದು ಸ್ವಲ್ಪವಾದರೂ ಬದಲಾಗುತ್ತದೆ. ಹಾಗಾಗಿ ಬದಲಾವಣೆ ಒಂದರಿಂದಲೇ ತೀರ್ಮಾನಕ್ಕೆ ಬರಬೇಡಿ. ನೋವು, ಬಿಗಿತ, ಹಿಂದಿನ ಕಥೆ ಮತ್ತು ಈ ಪರೀಕ್ಷೆ, ಎಲ್ಲವೂ ಒಂದೇ ಕಡೆ ಬೆರಳು ತೋರಿಸಬೇಕು. ಸದ್ದು ಏರಿತೆಂದು ಹೆದರಬೇಡಿ, ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಆದರೆ ಆಟವಾಡಿದಂತೆ ದಿನಾ ಇದನ್ನೇ ಮಾಡುತ್ತಾ ಕೂರಬೇಡಿ. ವಾರಕ್ಕೊಮ್ಮೆ ಸಾಕು.

ಹೆಜ್ಜೆ 3: ಒಂದು ಪುಸ್ತಕ ಇಡಿ

ದಿನಕ್ಕೆ ಎರಡೇ ಸಲ ಬರೆಯಿರಿ, ಬೆಳಿಗ್ಗೆ ಎದ್ದಾಗ ಮತ್ತು ಮಲಗುವ ಮುಂಚೆ. ಸದ್ದಿನ ಅಂಕ, ಕುತ್ತಿಗೆ ನೋವಿನ ಅಂಕ, ದವಡೆಯ ಬಿಗಿತ, ನಿದ್ದೆ. ಒಂದು ಸಾಲು ಸಾಕು. ಗಂಟೆಗೊಮ್ಮೆ ಬರೆದರೆ ಗಮನವೆಲ್ಲಾ ಸದ್ದಿನ ಮೇಲೇ ನಿಂತು ಅದು ಇನ್ನೂ ಜೋರಾಗಿ ಕೇಳುತ್ತದೆ. ಟಿನ್ನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ ಎಂಬ 25 ಪ್ರಶ್ನೆಗಳ ಪಟ್ಟಿ ಇದೆ, 100 ಅಂಕದ ಲೆಕ್ಕ. ಶುರುವಿನಲ್ಲಿ ಒಮ್ಮೆ, ಆರು ವಾರದ ಮೇಲೆ ಒಮ್ಮೆ ತುಂಬಿ. ಸದ್ದು ನಿಮ್ಮ ದಿನವನ್ನು ಎಷ್ಟು ಕೆಡಿಸುತ್ತಿದೆ ಅನ್ನುವುದನ್ನು ಅದು ಅಳೆಯುತ್ತದೆ.

ಹೆಜ್ಜೆ 4: ದಿನವಿಡೀ ದವಡೆ ಬಿಡುವುದು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಇದೇ. ಇದು ವ್ಯಾಯಾಮವೂ ಅಲ್ಲ, ಬರೀ ಅಭ್ಯಾಸ.

ಈ ಸಾಲು ಓದುತ್ತಿರುವ ಹಾಗೇ ನಿಲ್ಲಿ. ನಿಮ್ಮ ಮೇಲಿನ ಹಲ್ಲು, ಕೆಳಗಿನ ಹಲ್ಲು ಒಂದಕ್ಕೊಂದು ತಾಗಿಕೊಂಡಿವೆಯಾ? ತಾಗಿದ್ದರೆ ಕೆನ್ನೆಯ ಸ್ನಾಯು ಈಗಲೂ ಕೆಲಸ ಮಾಡುತ್ತಲೇ ಇದೆ. ಹಲ್ಲು ತಾಗಬೇಕಾದದ್ದು ಅಗಿಯುವಾಗ ಮತ್ತು ನುಂಗುವಾಗ ಮಾತ್ರ. ಉಳಿದ ಹೊತ್ತು ತುಟಿ ಮುಚ್ಚಿರಲಿ, ಹಲ್ಲುಗಳ ನಡುವೆ ಸಣ್ಣ ಸಂದು ಇರಲಿ, ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ಹಿಂದೆ ಅಂಗುಳಕ್ಕೆ ಮೆತ್ತಗೆ ತಾಗಿರಲಿ. ನ ಅಂತ ಹೇಳಲು ಹೊರಟಾಗ ನಾಲಿಗೆ ಎಲ್ಲಿ ನಿಲ್ಲುತ್ತದೆ ನೋಡಿ, ಹೆಚ್ಚುಕಡಿಮೆ ಅಲ್ಲೇ.

ಹೇಳುವುದು ಸುಲಭ, ನೆನಪಿರುವುದು ಕಷ್ಟ ಅಲ್ವಾ? ನಾನು ಕಂಪ್ಯೂಟರ್ ಅಂಚಿಗೆ ಒಂದು ಹಸಿರು ಚುಕ್ಕೆ ಅಂಟಿಸಿಕೊಂಡೆ, ಇನ್ನೊಂದು ಫೋನಿನ ಬೆನ್ನಿಗೆ. ಚುಕ್ಕೆ ಕಂಡಾಗೆಲ್ಲಾ ಹಲ್ಲು ಬಿಡುವುದು, ಹೆಗಲು ಇಳಿಸುವುದು, ಉಸಿರು ನಿಧಾನವಾಗಿ ಹೊರಗೆ ಬಿಡುವುದು. ಮೊದಲ ವಾರ ಚುಕ್ಕೆ ನೋಡಿದಾಗಲೆಲ್ಲಾ ಹಲ್ಲು ಕಚ್ಚಿಯೇ ಇರುತ್ತಿತ್ತು. ಇಮೇಲ್ ಬರೆಯುವಾಗ, ಗಾಡಿ ಓಡಿಸುವಾಗ, ಯಾರಿಗೋ ಕಾಯುವಾಗ ಕೂಡ. ಮೂರನೇ ವಾರಕ್ಕೆ ನೋಡಿದಾಗ ಕೆಲವು ಸಲ ಸಂದು ಇರುತ್ತಿತ್ತು. ಆಗ ಆದ ಸಮಾಧಾನ ಇನ್ನೂ ನೆನಪಿದೆ.

ಇದರ ಜೊತೆಗೆ ಚ್ಯೂಯಿಂಗ್ ಗಮ್ ಬಿಡಿ. ಗಟ್ಟಿ ಪದಾರ್ಥ ಕಡಿಯುವುದನ್ನು ಕೆಲವು ವಾರ ಕಡಿಮೆ ಮಾಡಿ. ಗದ್ದಕ್ಕೆ ಕೈ ಕೊಟ್ಟು ಕೂರಬೇಡಿ.

ಹೆಜ್ಜೆ 5: ದವಡೆಯ ಸ್ನಾಯು ಸಡಿಲಿಸುವುದು

ಎರಡು ಬೆರಳನ್ನು ಕಿವಿಯ ಮುಂದೆ, ಕೆನ್ನೆಯ ಮೂಳೆಗಿಂತ ಕೆಳಗೆ ಇಟ್ಟು ಒಮ್ಮೆ ಹಲ್ಲು ಕಚ್ಚಿ. ಬೆರಳಡಿ ಉಬ್ಬುತ್ತದಲ್ಲಾ, ಅದೇ ಮ್ಯಾಸಿಟರ್ ಎಂಬ ಅಗಿಯುವ ಸ್ನಾಯು. ಈಗ ಹಲ್ಲು ಬಿಡಿ. ಅದೇ ಜಾಗವನ್ನು ಹದವಾಗಿ ಒತ್ತಿ, ಬೆರಳನ್ನು ನಿಧಾನವಾಗಿ ದವಡೆಯ ಮೂಲೆಯವರೆಗೆ ಕೆಳಗೆ ಎಳೆಯಿರಿ. ದಾರಿಯಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕರೆ ಅಲ್ಲೇ 20ರಿಂದ 30 ಸೆಕೆಂಡ್ ನಿಲ್ಲಿ. ಸಿಹಿನೋವು ಅನ್ನುತ್ತಾರಲ್ಲಾ, ಅಷ್ಟೇ ಇರಬೇಕು. ಕಣ್ಣು ಕಿವುಚುವಷ್ಟು ನೋವಾದರೆ ಒತ್ತಡ ಜಾಸ್ತಿಯಾಯಿತು ಅಂತ ಅರ್ಥ. ನಿಧಾನವಾಗಿ ಗಂಟು ಮೆತ್ತಗಾಗುವುದು ಬೆರಳಿಗೇ ಗೊತ್ತಾಗುತ್ತದೆ. ಎರಡೂ ಕಡೆ ಎರಡೆರಡು ನಿಮಿಷ. ಕಣತಲೆಯ ಸ್ನಾಯುವಿಗೂ ಹೀಗೆಯೇ, ಬೆರಳ ತುದಿಯಿಂದ ಸುತ್ತು ಸುತ್ತಾಗಿ ಒಂದು ನಿಮಿಷ.

ಆಮೇಲೆ ನಾಲಿಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಿಕೊಂಡೇ ಬಾಯಿ ತೆರೆಯಿರಿ. ನಾಲಿಗೆ ಬಿಟ್ಟುಹೋಗುವ ಮುಂಚೆ ನಿಲ್ಲಿಸಿ. ಕನ್ನಡಿ ಮುಂದೆ ಮಾಡಿದರೆ ಒಳ್ಳೆಯದು, ಗದ್ದ ಪಕ್ಕಕ್ಕೆ ಸರಿಯದೆ ನೇರ ಕೆಳಗೆ ಇಳಿಯುತ್ತಿದೆಯಾ ನೋಡಿಕೊಳ್ಳಿ. ಆರು ಸಲ, ದಿನಕ್ಕೆ ಮೂರು ನಾಲ್ಕು ಹೊತ್ತು. ದವಡೆ ಕಟಕಟ ಅನ್ನುತ್ತಾ ನೋಯುತ್ತಿದ್ದರೆ, ತೆರೆದ ಬಾಯಿ ಸಿಕ್ಕಿಹಾಕಿಕೊಳ್ಳುತ್ತಿದ್ದರೆ ಇದನ್ನು ನೀವೇ ಮಾಡಬೇಡಿ. ಬಾಯೊಳಗೆ ಬೆರಳಿಟ್ಟು ಮಾಡುವ ಮಸಾಜನ್ನೂ ಫಿಸಿಯೋಥೆರಪಿಸ್ಟ್ ತೋರಿಸಿಕೊಟ್ಟ ಮೇಲೆಯೇ ಮಾಡಿ.

ಹೆಜ್ಜೆ 6: ಕುತ್ತಿಗೆ

ಶುರು ಮಾಡುವ ಮುಂಚೆ ಬಿಸಿ ನೀರಲ್ಲಿ ಅದ್ದಿ ಹಿಂಡಿದ ಟವೆಲ್ ಅಥವಾ ಹಾಟ್ ಬ್ಯಾಗನ್ನು ಕುತ್ತಿಗೆಗೆ 10 ನಿಮಿಷ ಇಡಿ. ಚರ್ಮ ಸುಡುವಷ್ಟು ಬಿಸಿ ಬೇಡ.

ಮೊದಲು ಉಸಿರಾಟ. ಒಂದು ಕೈ ಎದೆ ಮೇಲೆ, ಒಂದು ಕೈ ಹೊಟ್ಟೆ ಮೇಲೆ ಇಟ್ಟು ಮಲಗಿ. ಹೊಟ್ಟೆಯ ಕೈ ಏಳಬೇಕು, ಎದೆಯ ಕೈ ಹೆಚ್ಚುಕಡಿಮೆ ಅಲುಗಬಾರದು. ಎದೆಯ ಮೇಲ್ಭಾಗದಿಂದ ಉಸಿರಾಡುವವರು ಪ್ರತಿ ಉಸಿರಿಗೂ ಕುತ್ತಿಗೆಯ ಸ್ನಾಯುಗಳನ್ನು ಎಳೆಯುತ್ತಿರುತ್ತಾರೆ. ಇದನ್ನು ಬಿಟ್ಟು ಬರೀ ಸ್ಟ್ರೆಚ್ ಮಾಡಿದರೆ ಒಂದು ಕಡೆ ಬಿಚ್ಚಿ ಇನ್ನೊಂದು ಕಡೆ ಬಿಗಿದ ಹಾಗೆ.

ಹೆಡಕು ಸಡಿಲಿಸಲು: ಎರಡು ಟೆನಿಸ್ ಬಾಲನ್ನು ಒಂದು ಕಾಲುಚೀಲಕ್ಕೆ ಹಾಕಿ ಗಂಟು ಕಟ್ಟಿ. ಮಲಗಿ, ತಲೆಬುರುಡೆ ಮುಗಿಯುವ ಅಂಚಿನ ಕೆಳಗೆ ಅದನ್ನು ಇಟ್ಟುಕೊಳ್ಳಿ. ಬೆನ್ನುಮೂಳೆ ಎರಡು ಬಾಲಿನ ನಡುವಿನ ಸಂದಿಗೆ ಬರಬೇಕು. ತಲೆಯ ಭಾರ ಬಿಟ್ಟುಬಿಡಿ. ಎರಡು ಮೂರು ನಿಮಿಷ ಸಾಕು. ನನಗೆ ಇಲ್ಲಿ ಒತ್ತಿದಾಗ ಸದ್ದು ಮೊದಲು ಚೂರು ಏರಿ, ಆಮೇಲೆ ಮಂಕಾಗುತ್ತಿತ್ತು. ತಲೆ ಸುತ್ತು ಬಂದರೆ ತಕ್ಷಣ ತೆಗೆಯಿರಿ.

ಗದ್ದ ಒಳಗೆ ಎಳೆಯುವುದು: ಇದು ಸಣ್ಣದು, ಆದರೆ ಬಹಳ ಜನ ತಪ್ಪು ಮಾಡುವುದು ಇಲ್ಲೇ. ತೆಳ್ಳಗೆ ಮಡಚಿದ ಟವೆಲ್ ಮೇಲೆ ತಲೆಯಿಟ್ಟು ಮಲಗಿ. ಹೂಂ ಅಂತ ತಲೆಯಾಡಿಸುವ ಹಾಗೆ ಗದ್ದವನ್ನು ಬೆರಳಿನ ಅಗಲದಷ್ಟು ಮಾತ್ರ ಕೆಳಕ್ಕೆ ತನ್ನಿ. ತಲೆ ಎತ್ತಬೇಡಿ. ಒಂದು ಕೈಯ ಬೆರಳನ್ನು ಕುತ್ತಿಗೆಯ ಪಕ್ಕದ ಹಗ್ಗದಂಥ ಸ್ನಾಯುವಿನ ಮೇಲೆ ಇಡಿ. ತಲೆಯಾಡಿಸುವಾಗ ಆ ಹಗ್ಗ ಸೆಟೆದು ನಿಂತರೆ ನೀವು ಬಲ ಜಾಸ್ತಿ ಹಾಕುತ್ತಿದ್ದೀರಿ. ಅದು ಮೆತ್ತಗೇ ಇರುವಷ್ಟು ಸಣ್ಣದಾಗಿ ಮಾಡಿ. ಒಳಗಿನ ಸ್ನಾಯುಗಳು ಕೆಲಸ ಕಲಿಯುವುದು ಆಗಲೇ. 5 ಸೆಕೆಂಡಿನಿಂದ ಶುರು ಮಾಡಿ, ದಿನ ಕಳೆದ ಹಾಗೆ 10ಕ್ಕೆ ಏರಿಸಿ. ಹತ್ತು ಸಲ.

ಹೆಗಲ ಸ್ನಾಯುವಿಗೆ: ಬಲಗೈಯಿಂದ ಕುರ್ಚಿಯ ಅಂಚು ಹಿಡಿದು ತಲೆಯನ್ನು ಎಡಕ್ಕೆ ಬಾಗಿಸಿ. 20ರಿಂದ 30 ಸೆಕೆಂಡ್, ಮೂರು ಸಲ, ಆಮೇಲೆ ಇನ್ನೊಂದು ಕಡೆ. ಅದೇ ಭಂಗಿಯಲ್ಲಿ ಮೂಗನ್ನು ತಲೆ ಬಾಗಿದ ಕಡೆಯ ಕಂಕುಳಿನತ್ತ ತಿರುಗಿಸಿದರೆ ಎಳೆತ ಹಿಂದಿನ ಸ್ನಾಯುವಿಗೆ ಹೋಗುತ್ತದೆ. ತಲೆಯನ್ನು ಕೈಯಿಂದ ಎಳೆಯಬೇಡಿ, ಅದರ ಭಾರವೇ ಸಾಕು.

ಕುತ್ತಿಗೆಯ ಪಕ್ಕದ ಆ ಹಗ್ಗದಂಥ ಸ್ನಾಯುವಿಗೆ ಸ್ಟರ್ನೋಕ್ಲೈಡೋಮ್ಯಾಸ್ಟಾಯ್ಡ್ ಎಂದು ಹೆಸರು. ಕಿವಿಯ ಹಿಂದಿನ ಮೂಳೆಯಿಂದ ಕಾಲರ್ ಬೋನ್ ತನಕ ಇಳಿಯುತ್ತದೆ. ಕಿವಿ ಮೊರೆತದ ಜೊತೆ ಇದು ಬಿಗಿದಿರುವುದು ಸಾಮಾನ್ಯ. ಆದರೆ ಅದರ ಪಕ್ಕದಲ್ಲೇ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳ ಇದೆ. ಹಾಗಾಗಿ ಇಲ್ಲಿ ಒಳಕ್ಕೆ ಒತ್ತುವುದೇ ಬೇಡ. ಸ್ನಾಯುವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಮೆಲ್ಲಗೆ ಚಿವುಟಿದಂತೆ ಹಿಡಿದು ಬಿಡಿ. ನಾಡಿ ಬಡಿಯುವುದು ಸಿಕ್ಕರೆ ಅಲ್ಲಿಂದ ಕೈ ತೆಗೆಯಿರಿ. ಎರಡೂ ಕಡೆ ಒಟ್ಟಿಗೆ ಯಾವತ್ತೂ ಹಿಡಿಯಬೇಡಿ. ವಯಸ್ಸಾದವರು, ರಕ್ತನಾಳದ ತೊಂದರೆ ಇರುವವರು, ಪಾರ್ಶ್ವವಾಯು ಆಗಿರುವವರು ಇದನ್ನು ಬಿಟ್ಟುಬಿಡಿ.

ಎಲ್ಲಾ ಸೇರಿ ದಿನಕ್ಕೆ 15ರಿಂದ 20 ನಿಮಿಷ ಆಗುತ್ತದೆ. ಒಂದೇ ದಿನ ಎಲ್ಲಾ ಶುರು ಮಾಡಬೇಡಿ. ಮೊದಲ ವಾರ ದವಡೆ ಮತ್ತು ಉಸಿರಾಟ ಮಾತ್ರ, ಎರಡನೇ ವಾರದಿಂದ ಕುತ್ತಿಗೆ ಸೇರಿಸಿ. ಆಗ ಯಾವುದರಿಂದ ಏನಾಯಿತು ಎಂದು ಪುಸ್ತಕ ಹೇಳುತ್ತದೆ.

ಹೆಜ್ಜೆ 7: ಫಿಸಿಯೋಥೆರಪಿಸ್ಟ್ ಹತ್ತಿರ ಹೋದಾಗ

ಸಾಧ್ಯವಿದ್ದರೆ ಇದನ್ನು ಮನೆ ವ್ಯಾಯಾಮದ ಮುಂಚೆಯೇ ಮಾಡಿ. ಕುತ್ತಿಗೆ ಮತ್ತು ದವಡೆ ಎರಡನ್ನೂ ನೋಡಿ ಅನುಭವ ಇರುವವರನ್ನು ಹುಡುಕಿ. ಆಡಿಯೋಗ್ರಾಂ, ನಿಮ್ಮ ಪುಸ್ತಕ, ಎರಡನೇ ಹೆಜ್ಜೆಯ ಪಟ್ಟಿ ಜೊತೆಗಿರಲಿ. ಕಿವಿಯಲ್ಲಿ ಸದ್ದು ಎಂದಷ್ಟೇ ಹೇಳಿದರೆ ಕೆಲವರು ಇದು ನಮ್ಮ ಕೆಲಸ ಅಲ್ಲ ಅನ್ನಬಹುದು. ದವಡೆ ಮುಂದೆ ಚಾಚಿದರೆ ಸದ್ದು 4ರಿಂದ 7ಕ್ಕೆ ಏರುತ್ತದೆ ಎಂದು ಹೇಳಿದರೆ ಮಾತು ಬೇರೆಯೇ ಆಗುತ್ತದೆ.

ಅವರು ಕೈಯಿಂದ ಕುತ್ತಿಗೆಯ ಕೀಲುಗಳನ್ನು ಮೆಲ್ಲಗೆ ಅಲುಗಾಡಿಸುತ್ತಾರೆ, ಗಂಟುಗಳನ್ನು ಒತ್ತಿ ಬಿಡಿಸುತ್ತಾರೆ. ಗದ್ದ ಒಳಗೆ ಎಳೆಯುವ ವ್ಯಾಯಾಮಕ್ಕೆ ಕೆಲವರು ಕುತ್ತಿಗೆಯಡಿ ಗಾಳಿ ತುಂಬಿದ ಸಣ್ಣ ಚೀಲ ಇಡುತ್ತಾರೆ. ಬಿಪಿ ಅಳೆಯುವ ಹಾಗೆ ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ 20ರ ಒತ್ತಡದಿಂದ ಶುರುಮಾಡಿ ಎರಡೆರಡಾಗಿ 30ರವರೆಗೆ ಏರಿಸುವ ಪದ್ಧತಿ ಇದೆ. ಒತ್ತಡ ತೋರಿಸುವ ಮುಳ್ಳು ನೋಡಿಕೊಂಡು ಮಾಡುವುದರಿಂದ ತಪ್ಪುವುದು ಕಡಿಮೆ.

ಕುತ್ತಿಗೆಯನ್ನು ಲಟಕ್ಕನೆ ತಿರುಗಿಸಿ ನಟಿಗೆ ತೆಗೆಯುವುದು ಬೇಡ ಅಂತ ಮೊದಲೇ ಹೇಳಿ. ಅಪರೂಪಕ್ಕೆ ಕುತ್ತಿಗೆಯ ರಕ್ತನಾಳ ಸೀಳಿ ಪಾರ್ಶ್ವವಾಯು ಆಗುವ ಅಪಾಯ ಅದರಲ್ಲಿದೆ. ಫಿಸಿಯೋಥೆರಪಿಸ್ಟ್ ಅಲ್ಲದವರ ಕೈಗಂತೂ ಕುತ್ತಿಗೆ ಕೊಡಲೇಬೇಡಿ.

ನಿದ್ದೆಯಲ್ಲಿ ಹಲ್ಲು ಕಡಿಯುವವರು ದಂತವೈದ್ಯರನ್ನೂ ಕಾಣಬೇಕು. ಹಲ್ಲಿನ ಅಚ್ಚು ತೆಗೆದು ಮಾಡಿಕೊಡುವ ಸ್ಪ್ಲಿಂಟ್ ಎಂಬ ಹಲ್ಲಿನ ಹೊದಿಕೆ ರಾತ್ರಿ ಹೊತ್ತು ಹಲ್ಲನ್ನೂ ದವಡೆಯನ್ನೂ ಕಾಯುತ್ತದೆ.

ಎಷ್ಟು ನಿರೀಕ್ಷಿಸಬಹುದು? ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಸಾರಾ ಮಿಕೀಲ್ಸ್ ಮತ್ತು ಜೊತೆಗಾರರು ಕುತ್ತಿಗೆ ತೊಂದರೆಯೂ ಕಿವಿ ಮೊರೆತವೂ ಇದ್ದ 38 ಜನರಿಗೆ ಆರು ವಾರದಲ್ಲಿ 12 ಸಲ ಫಿಸಿಯೋಥೆರಪಿ ಕೊಟ್ಟರು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಚಿಕಿತ್ಸೆ ಮುಗಿದ ತಕ್ಷಣ 53% ಜನರಿಗೆ ಗಮನಾರ್ಹ ಸುಧಾರಣೆ ಕಂಡಿತ್ತು. ಇನ್ನೂ ಆರು ವಾರ ಬಿಟ್ಟು ನೋಡಿದಾಗ ಅದು ಉಳಿದಿದ್ದು 24% ಜನರಲ್ಲಿ. ಈ ಎರಡು ಅಂಕಿಗಳನ್ನು ನಾನು ಹೀಗೆ ಓದುತ್ತೇನೆ: ಆಸೆ ಇಟ್ಟುಕೊಳ್ಳಲು ಕಾರಣ ಇದೆ, ಆದರೆ ಚಿಕಿತ್ಸೆ ಮುಗಿಯಿತು ಅಂತ ಅಭ್ಯಾಸ ಬಿಟ್ಟರೆ ಸಿಕ್ಕಿದ್ದು ಕೈಬಿಟ್ಟು ಹೋಗಬಹುದು. ಸದ್ದು ಪೂರ್ತಿ ನಿಲ್ಲುವುದನ್ನೇ ಗುರಿ ಮಾಡಿಕೊಂಡರೆ 7ರಿಂದ 3ಕ್ಕೆ ಇಳಿದದ್ದೂ ಸೋಲು ಅನ್ನಿಸುತ್ತದೆ. ನನಗೆ ಪೂರ್ತಿ ನಿಂತಿಲ್ಲ. ಆದರೆ ಈಗ ಹುಡುಕಿದರೆ ಮಾತ್ರ ಕೇಳಿಸುತ್ತದೆ, ನಿದ್ದೆ ಬರುತ್ತದೆ.

ಆರು ಎಂಟು ವಾರ ಬಿಡದೆ ಮಾಡಿಯೂ ಪುಸ್ತಕದ ಅಂಕ ಅಲುಗದಿದ್ದರೆ ಇನ್ನೂ ಜೋರಾಗಿ ಒತ್ತಲು ಹೋಗಬೇಡಿ. ನಿಮ್ಮ ಸದ್ದಿನ ಕಾರಣ ಬೇರೆ ಇರಬಹುದು. ಇಎನ್‌ಟಿ ಡಾಕ್ಟರ್ ಅಥವಾ ಕೇಳುವ ಶಕ್ತಿ ಪರೀಕ್ಷಿಸುವ ಆಡಿಯಾಲಜಿಸ್ಟ್ ಹತ್ತಿರ ವಾಪಸ್ ಹೋಗಿ. ಸದ್ದಿನಿಂದ ಆಗುವ ಸಂಕಟವನ್ನು ಇಳಿಸಲು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಎಂಬ ಸಮಾಲೋಚನೆಗೆ ಒಳ್ಳೆಯ ಆಧಾರ ಇದೆ. ಬದುಕುವುದೇ ಬೇಡ ಅನ್ನುವಷ್ಟು ಸಾಕಾಗಿದ್ದರೆ ವಾರಗಳನ್ನು ಎಣಿಸಬೇಡಿ, ಇವತ್ತೇ ಹತ್ತಿರದವರಿಗೆ ಮತ್ತು ಡಾಕ್ಟರಿಗೆ ಹೇಳಿ.

ಹೆಜ್ಜೆ 8: ಕೂರುವುದು, ಮಲಗುವುದು

ಸ್ಕ್ರೀನ್ ಕಣ್ಣಿನ ಮಟ್ಟಕ್ಕೆ ಬರಲಿ. ಅರ್ಧ ಗಂಟೆಗೊಮ್ಮೆ ಏಳಿ. ಫೋನನ್ನು ಕಿವಿ ಮತ್ತು ಹೆಗಲ ನಡುವೆ ಸಿಕ್ಕಿಸಿ ಮಾತಾಡಬೇಡಿ. ಬೋರಲು ಮಲಗಿದರೆ ಕುತ್ತಿಗೆ ಗಂಟೆಗಟ್ಟಲೆ ತಿರುಗಿಕೊಂಡೇ ಇರುತ್ತದೆ, ಅದನ್ನು ಬಿಡಿ. ಪಕ್ಕಕ್ಕೆ ಮಲಗುವವರ ದಿಂಬು ಹೆಗಲಿಗೂ ಕಿವಿಗೂ ನಡುವಿನ ಜಾಗವನ್ನು ತುಂಬುವಷ್ಟು ಎತ್ತರ ಇರಬೇಕು. ಮಲಗುವ ಕೋಣೆ ತೀರಾ ನಿಶ್ಶಬ್ದ ಬೇಡ. ಫ್ಯಾನಿನ ಸದ್ದೋ ಮಳೆಯ ಸದ್ದಿನ ರೆಕಾರ್ಡಿಂಗೋ ಕಿವಿಯ ಸದ್ದಿಗಿಂತ ಸ್ವಲ್ಪ ಕಡಿಮೆ ಇರುವಂತೆ ಹಾಕಿಕೊಳ್ಳಿ.

ಸದ್ದು ಮತ್ತೆ ಏರಿದ ದಿನ

ಏರುತ್ತದೆ. ನಿದ್ದೆಗೆಟ್ಟ ರಾತ್ರಿಯ ಮರುದಿನ, ದೂರದ ಪ್ರಯಾಣದ ಮೇಲೆ, ಹಲ್ಲಿನ ಚಿಕಿತ್ಸೆಗೆ ತುಂಬಾ ಹೊತ್ತು ಬಾಯಿ ತೆರೆದು ಕೂತ ಮೇಲೆ. ಅವತ್ತು ಒತ್ತುವುದು, ಎಳೆಯುವುದು ಎಲ್ಲಾ ನಿಲ್ಲಿಸಿ. ಬಿಸಿ ಟವೆಲ್, ಹೊಟ್ಟೆಯ ಉಸಿರು, ಹಲ್ಲಿನ ನಡುವೆ ಸಂದು, ಇಷ್ಟೇ ಸಾಕು. ಮರುದಿನ ಪುಸ್ತಕ ತೆಗೆದು ಹಿಂದಿನ ಮೂರು ದಿನದ ಸಾಲುಗಳನ್ನು ಓದಿ. ಹೆಚ್ಚಿನ ಸಲ ಕಾರಣ ಅಲ್ಲೇ ಬರೆದಿರುತ್ತದೆ. ಅಂಕ ಹಳೆಯ ಮಟ್ಟಕ್ಕೆ ಇಳಿದ ಮೇಲೆ ದವಡೆಯಿಂದ ಮತ್ತೆ ಶುರು ಮಾಡಿ.